ಸಿಹಿ ತಂಬಾಕಿನ ಸೆಂಟು: ನಿಮಗೆ ಹಣ್ಣು, ಅತ್ತೆಗೆ ಕಡ್ಡಿಪುಡಿ, ಯಾರ ಮೂಗು ಸರಿ?

ಪ್ರಶ್ನೆ: “ನಾನು ಚಿಂತಾಮಣಿಯವಳು. ಇಲ್ಲೇ ಒಂದು ಸಹಕಾರ ಸಂಘದಲ್ಲಿ ಕೆಲಸ. ದೀಪಾವಳಿಗೆ ನನ್ನ ತಮ್ಮ ಬೆಂಗಳೂರಿನಿಂದ ಒಂದು ಸೆಂಟು ತಂದುಕೊಟ್ಟ. ಡಬ್ಬಿಯ ಮೇಲೆ ಯೂನಿಸೆಕ್ಸ್ ಅಂತಿದೆ. ತಂಬಾಕಿನ ಎಲೆ, ವೆನಿಲಾ, ಪ್ಲಮ್, ಒಣದ್ರಾಕ್ಷಿ, ಜೇನು ಅಂತ ಬರೆದಿದೆ. ನಾನು, ನಮ್ಮ ಯಜಮಾನರು ಇಬ್ಬರೂ ಹಾಕಿಕೊಳ್ಳುತ್ತಿದ್ದೇವೆ. ನನಗೆ ಹಾಕಿದ ತಕ್ಷಣ ಹಣ್ಣಿನ ವಾಸನೆ, ಆಮೇಲೆ ಕೇಕಿನ ವಾಸನೆ, ಒಂದು ಗಂಟೆ ಕಳೆದರೆ ಏನೂ ಇಲ್ಲ. ಆದರೆ ಪಕ್ಕದ ಟೇಬಲ್ಲಿನವರು ಸಂಜೆ ಐದಕ್ಕೂ ‘ಏನು ಘಮ ನಿಮ್ಮದು’ ಅನ್ನುತ್ತಾರೆ. ನಮ್ಮ ಅತ್ತೆಗೆ ಮಾತ್ರ ಕಡ್ಡಿಪುಡಿ ವಾಸನೆ ಬರುತ್ತದಂತೆ. ‘ಹೆಣ್ಣುಮಕ್ಕಳು ಹಾಕೋ ಸೆಂಟಾ ಇದು’ ಅಂತ ಮುಖ ತಿರುಗಿಸುತ್ತಾರೆ. ನಾದಿನಿ ಊದುಬತ್ತಿ ಅನ್ನುತ್ತಾಳೆ. ಯಜಮಾನರು ಸಿಗರೇಟು ಬಿಟ್ಟು ಎಂಟು ತಿಂಗಳಾಯಿತು. ಮೊದಮೊದಲು ಅವರಿಗೂ ಇಷ್ಟವಾಗಿತ್ತು, ಈಗ ಕಾರಿನಲ್ಲಿ ಕೂತರೆ ತಲೆನೋವು ಅನ್ನುತ್ತಾರೆ. ಇದರಲ್ಲಿ ನಿಜವಾಗಿ ತಂಬಾಕು ಇದೆಯಾ? ನಿಕೋಟಿನ್ ಚರ್ಮದಿಂದ ಒಳಗೆ ಹೋಗಿ ಅವರಿಗೆ ಮತ್ತೆ ಚಟ ಹತ್ತಿದರೆ? ಇದೇ ಸೆಂಟಿನ ಬಗ್ಗೆ ನೆಟ್‌ನಲ್ಲಿ ಒಬ್ಬರು ಹನ್ನೆರಡು ಗಂಟೆ ಇರುತ್ತೆ ಅಂದರೆ ಇನ್ನೊಬ್ಬರು ಎರಡೇ ಗಂಟೆ ಅಂತಾರೆ. ಯಾರನ್ನು ನಂಬೋದು? ಒಂದು ರೇಷ್ಮೆ ಸೀರೆ ಮೇಲೆ ಸಣ್ಣ ಕಂದು ಕಲೆಯೂ ಬಿದ್ದಿದೆ. ಬಾಟಲಿ ಇಟ್ಟುಕೊಳ್ಳೋದಾ, ಯಾರಿಗಾದರೂ ಕೊಟ್ಟುಬಿಡೋದಾ?”

ಉತ್ತರ: ಮೊದಲು ನಿಮ್ಮನ್ನು ಜಾಸ್ತಿ ಕಾಡುತ್ತಿರುವ ವಿಷಯಕ್ಕೆ ಬರೋಣ. ಸೆಂಟಿನಿಂದ ಸಿಗರೇಟಿನ ಚಟ ಹತ್ತುವುದಿಲ್ಲ. ನಿಮ್ಮ ಭಯಕ್ಕೆ ಬುಡವೇ ಇಲ್ಲ ಅಂತ ಹೇಳುತ್ತಿಲ್ಲ. ನಿಕೋಟಿನ್ ಚರ್ಮದ ಮೂಲಕ ಒಳಗೆ ಹೋಗುವುದು ನಿಜ. ಸಿಗರೇಟು ಬಿಡುವವರಿಗೆ ಕೊಡುವ, ಚರ್ಮಕ್ಕೆ ಅಂಟಿಸುವ ಪ್ಯಾಚು ಕೆಲಸ ಮಾಡುವುದೇ ಹಾಗೆ. ತೋಟದಲ್ಲಿ ಒದ್ದೆಯಾದ ಹಸಿ ಹೊಗೆಸೊಪ್ಪು ಮುರಿಯುವ ಕೂಲಿಯವರಿಗೆ ತಲೆಸುತ್ತು, ವಾಂತಿ ಬರುವುದೂ ಇದರಿಂದಲೇ. ಆದರೆ ಆ ಪ್ಯಾಚಿನಲ್ಲಿ ದಿನಕ್ಕೆ 7, 14 ಅಥವಾ 21 ಮಿಲಿಗ್ರಾಂ ನಿಕೋಟಿನ್ ಇಳಿಯುವ ಹಾಗೆ ಬೇಕೆಂದೇ ತುಂಬಿರುತ್ತಾರೆ. ಸೆಂಟಿನಲ್ಲಿ ಅದನ್ನು ಯಾರೂ ತುಂಬುವುದಿಲ್ಲ. ಯುರೋಪಿನ ಸೌಂದರ್ಯವರ್ಧಕಗಳ ಕಾನೂನಿನಲ್ಲಿ ನಿಕೋಟಿನ್ ನಿಷೇಧಿತ ವಸ್ತುಗಳ ಪಟ್ಟಿಯಲ್ಲೇ ಇದೆ.

ಹಾಗಾದರೆ ಡಬ್ಬಿಯ ಮೇಲಿರುವ ತಂಬಾಕು ಯಾವುದು? ಎರಡು ದಾರಿ ಇವೆ. ಒಂದು, ಹದ ಮಾಡಿದ ತಂಬಾಕಿನ ಎಲೆಯಿಂದ ದ್ರಾವಕ ಹಾಕಿ ತೆಗೆದ ಗಟ್ಟಿ ಕಂದು ಸಾರ. ಇದಕ್ಕೆ ಸೆಂಟಿನ ವೃತ್ತಿಯಲ್ಲಿರುವ ನಾವು ಆಬ್ಸಲ್ಯೂಟ್ ಅನ್ನುತ್ತೇವೆ. ಸೆಂಟಿಗೆ ಬಳಸುವಾಗ ನಿಕೋಟಿನ್ ತೆಗೆದದ್ದನ್ನೇ ಬಳಸುತ್ತಾರೆ. ತುಂಬಾ ಕಡಿಮೆ ಹಾಕುತ್ತಾರೆ, ಏಕೆಂದರೆ ಅದು ದುಬಾರಿ, ಘಾಟು ಬೇರೆ. ಇನ್ನೊಂದು ದಾರಿ, ತಂಬಾಕನ್ನು ಮುಟ್ಟದೆಯೇ ತಂಬಾಕಿನ ವಾಸನೆ ಕಟ್ಟುವುದು. ಕುಮರಿನ್ ಅನ್ನುವ ಸಿಹಿ ವಾಸನೆಯ ವಸ್ತು, ಜೇನಿನ ವಾಸನೆಯ ವಸ್ತುಗಳು, ಒಣಹುಲ್ಲಿನ ಸಾರ, ಕೆಲವು ಮರದ ಅಂಟುಗಳು, ಇವನ್ನು ಸರಿಯಾದ ತೂಕದಲ್ಲಿ ಸೇರಿಸಿದರೆ ಮೂಗು ‘ತಂಬಾಕು’ ಅಂದುಬಿಡುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಬಾಟಲಿಗಳಲ್ಲಿ ಎರಡನೆಯದೇ ಇರುತ್ತದೆ. ಡಬ್ಬಿಯ ಮೇಲೆ ಹೆಸರಿದೆ ಅಂದರೆ ಆ ವಾಸನೆ ಇದೆ ಅಂತ ಅರ್ಥ, ಆ ಎಲೆ ಇದೆ ಅಂತಲ್ಲ. ಪ್ಲಮ್ಮಿಗೂ ಅಷ್ಟೇ, ಒಣದ್ರಾಕ್ಷಿಗೂ ಅಷ್ಟೇ. ಆ ಹಣ್ಣುಗಳಿಂದ ಸೆಂಟಿಗೆ ಬೇಕಾದ ಎಣ್ಣೆ ಇಳಿಸಲು ಬರುವುದಿಲ್ಲ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಒಂದೇ ಬಾಟಲಿಗೆ ನಿಮ್ಮ ಮನೆಯಲ್ಲಿ ಬಂದಿರುವ ಹೆಸರುಗಳನ್ನು ನೋಡಿ. ನಿಮಗೆ ಹಣ್ಣು ಮತ್ತು ಕೇಕು, ಅತ್ತೆಗೆ ಕಡ್ಡಿಪುಡಿ, ನಾದಿನಿಗೆ ಊದುಬತ್ತಿ. ಇವರಲ್ಲಿ ಯಾರೂ ತಪ್ಪು ಹೇಳಿಲ್ಲ. ಸೆಂಟಿಗೆ, ಊದುಬತ್ತಿಗೆ ಹಾಕುವ ಕಾಂಪೌಂಡುಗಳನ್ನು, ಅಂದರೆ ಪರಿಮಳದ ಮಿಶ್ರಣಗಳನ್ನು, ಮೂಸಿ ಪರೀಕ್ಷೆ ಮಾಡುವುದೇ ನನ್ನ ವೃತ್ತಿ. ತುಮಕೂರಿನವನು ನಾನು. ಸಿಹಿ ತಂಬಾಕಿನ ಗುಂಪಿನ ಸೆಂಟುಗಳ ಬಗ್ಗೆ ಬಂದಷ್ಟು ಪರಸ್ಪರ ವಿರುದ್ಧ ಅಭಿಪ್ರಾಯ ಬೇರೆ ಯಾವ ಗುಂಪಿಗೂ ಬರುವುದನ್ನು ನಾನು ಕಂಡಿಲ್ಲ. ಮಲ್ಲಿಗೆಯ ಸೆಂಟು ಕೊಟ್ಟರೆ ಹತ್ತರಲ್ಲಿ ಒಂಬತ್ತು ಜನ ಮಲ್ಲಿಗೆ ಅನ್ನುತ್ತಾರೆ. ಇದನ್ನು ಕೊಟ್ಟರೆ ಖರ್ಜೂರ ಅನ್ನುವವರಿದ್ದಾರೆ, ಹಳೆ ಬಟ್ಟೆ ಬೀರು ಅನ್ನುವವರಿದ್ದಾರೆ, ಕೆಮ್ಮಿನ ಔಷಧಿ ಅನ್ನುವವರೂ ಇದ್ದಾರೆ.

ಯಾಕೆ ಹೀಗೆ? ಹಣ್ಣು ಮತ್ತು ತಂಬಾಕು ನಾವು ತಿಳಿದಿರುವಷ್ಟು ದೂರದ ಸಂಗತಿಗಳಲ್ಲ, ಅದಕ್ಕೆ. ಹಸಿ ಹೊಗೆಸೊಪ್ಪಿಗೆ ಹೇಳಿಕೊಳ್ಳುವಂಥ ಪರಿಮಳವೇನೂ ಇಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ವರ್ಜೀನಿಯಾ ಎಲೆಯನ್ನು ಬ್ಯಾರನ್‌ನಲ್ಲಿ ಕಟ್ಟಿ ಬಿಸಿಗಾಳಿಯಲ್ಲಿ ಹದ ಮಾಡುವುದನ್ನು ನೋಡಿದವರಿಗೆ ಗೊತ್ತು, ದಿನ ಕಳೆದ ಹಾಗೆ ಎಲೆ ಹಳದಿಯಾಗುತ್ತದೆ, ಜೊತೆಗೆ ವಾಸನೆಯೇ ತಿರುಗುತ್ತದೆ. ಎಲೆಯಲ್ಲಿರುವ ಹಳದಿ ಬಣ್ಣದ ಕೆರೋಟಿನ್ ಜಾತಿಯ ವಸ್ತುಗಳು ಒಡೆದು ಹೊಸ ವಾಸನೆಯ ಅಣುಗಳಾಗುತ್ತವೆ. ಅವುಗಳಲ್ಲಿ ಒಂದರ ಹೆಸರು ಡಮಾಸ್ಕೆನೋನ್. 1970ರ ಆಸುಪಾಸಿನಲ್ಲಿ ಬಲ್ಗೇರಿಯಾದ ಗುಲಾಬಿ ಎಣ್ಣೆಯಲ್ಲಿ ಇದನ್ನು ಪತ್ತೆ ಮಾಡಿದರು. ಗುಲಾಬಿಯಲ್ಲಿದೆ, ಸೇಬಿನಲ್ಲಿದೆ, ದ್ರಾಕ್ಷಿಯ ವೈನಿನಲ್ಲಿದೆ, ಹದ ಮಾಡಿದ ತಂಬಾಕಿನಲ್ಲೂ ಇದೆ. ಬೇರೆಯಾಗಿ ಮೂಸಿದರೆ ಬೇಯಿಸಿದ ಪ್ಲಮ್ಮಿನ ಹಾಗೆ, ಸ್ವಲ್ಪ ಗುಲಾಬಿಯ ಹಾಗೆ, ಹಿಂದುಗಡೆ ತಂಬಾಕಿನ ಹಾಗೆ ಇರುತ್ತದೆ. ಅಂದರೆ ಹಣ್ಣಿನ ತಂಬಾಕು ಅನ್ನುವ ಜೋಡಿಯನ್ನು ಸೆಂಟಿನವರು ಹುಟ್ಟಿಸಲಿಲ್ಲ. ಎಲೆಯೊಳಗೇ ಅದು ಇತ್ತು. ಅವರು ಹಣ್ಣಿನ ಕಡೆಯನ್ನು ದೊಡ್ಡದು ಮಾಡಿ ತೋರಿಸಿದರು, ಹೊಗೆಯನ್ನು ಹೊರಗಿಟ್ಟರು. ಸುಟ್ಟ ಬೀಡಿಯ ವಾಸನೆ ಬೇರೆ, ಹದ ಮಾಡಿದ ಎಲೆಯ ವಾಸನೆ ಬೇರೆ. ನಿಮ್ಮ ಅತ್ತೆಯವರೂ ನೋಡಿ, ಬೀಡಿ ಅನ್ನಲಿಲ್ಲ, ಕಡ್ಡಿಪುಡಿ ಅಂದರು. ಅವರ ಮೂಗು ಬಹಳ ಚುರುಕು. ಸುಡದ ತಂಬಾಕನ್ನು ಸರಿಯಾಗಿ ಗುರುತಿಸಿದ್ದಾರೆ.

ನಾದಿನಿಯವರೂ ಸರಿಯೇ. ಈ ಜಾತಿಯ ಸೆಂಟಿನ ತಳದಲ್ಲಿ ವೆನಿಲಾ ಘಮದ ವೆನಿಲಿನ್, ಕುಮರಿನ್, ಸಾಮಾನ್ಯವಾಗಿ ಬೆಂಜೋಯಿನ್ ಇರುತ್ತವೆ. ಬೆಂಜೋಯಿನ್ ಅಂದರೆ ಬೇರೇನಲ್ಲ, ನಮ್ಮ ಸಾಂಬ್ರಾಣಿ. ವೆನಿಲಿನ್, ಕುಮರಿನ್ ಎರಡೂ ಊದುಬತ್ತಿ ಕಾಂಪೌಂಡಿನಲ್ಲಿ ಧಾರಾಳವಾಗಿ ಬೀಳುವ ವಸ್ತುಗಳು. 1868ರಲ್ಲಿ ಕುಮರಿನ್, 1874ರಲ್ಲಿ ವೆನಿಲಿನ್ ಪ್ರಯೋಗಶಾಲೆಯಲ್ಲಿ ತಯಾರಾದವು. ಬರುಬರುತ್ತಾ ಅಗ್ಗವಾದವು, ಪ್ಯಾರಿಸ್ಸಿನ ಸೆಂಟಿಗೂ ಸೇರಿದವು, ಊದುಬತ್ತಿಗೂ ಸೇರಿದವು. ಫ್ರಾನ್ಸಿನಲ್ಲಿ ಹುಟ್ಟಿದವರಿಗೆ ಅದೇ ವಾಸನೆ ಬೇಕರಿ ನೆನಪಿಸುತ್ತದೆ. ನಮ್ಮಲ್ಲಿ ದಿನಾ ಬೆಳಗ್ಗೆ ದೇವರ ಮುಂದೆ ಊದುಬತ್ತಿ ಹಚ್ಚುವವರ ಮೂಗು ದೇವರ ಮನೆಗೆ ಹೋಗುತ್ತದೆ.

ವಾಸನೆಗೆ ಹೆಸರಿಡುವಾಗ ಮೂಗಿಗಿಂತ ಜಾಸ್ತಿ ಕೆಲಸ ಮಾಡುವುದು ನೆನಪು. ಅವರೆಕಾಯಿ ಸೊಗಡಿನ ಹಾಗೆ ಇದು. ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಜನ ಕಾಯನ್ನು ಉಜ್ಜಿ, ಮೂಸಿ, ಸೊಗಡು ಇದ್ದರೆ ಮಾತ್ರ ಕೊಳ್ಳುತ್ತೇವೆ. ಹೊರಗಿನಿಂದ ಬಂದವರಿಗೆ ಅದೇ ಸೊಗಡು ಕೈಗೆ ಅಂಟಿಕೊಂಡ ಕೆಟ್ಟ ವಾಸನೆ. ಕಾಯಿ ಒಂದೇ, ಎಣ್ಣೆ ಒಂದೇ. ನಿಮ್ಮ ಅತ್ತೆಯ ಕಾಲದಲ್ಲಿ ಕಡ್ಡಿಪುಡಿ ಅಂದರೆ ಎಲೆಅಡಿಕೆ ಚೀಲ, ಜಗುಲಿಯ ಮೂಲೆಯ ಉಗುಳುವ ಡಬ್ಬ, ಅದನ್ನು ತೊಳೆಯುವ ಕೆಲಸ ಯಾರ ಪಾಲಿಗೆ ಬರುತ್ತಿತ್ತು ಅಂತ ನಿಮಗೂ ಗೊತ್ತಲ್ವಾ. ಆ ವಾಸನೆ ಸೊಸೆಯ ಸೀರೆಯಿಂದ ಬಂದರೆ ಅವರಿಗೆ ಹಿಡಿಸದೆ ಇರುವುದರಲ್ಲಿ ಆಶ್ಚರ್ಯವಿಲ್ಲ. ಅವರ ಮನಸ್ಸು ತಿರುಗಿಸಲು ಹೋಗಬೇಡಿ. ಅವರ ಪಕ್ಕ ಕೂರುವ ದಿನ ಹಾಕಿಕೊಳ್ಳದಿದ್ದರೆ ಆಯಿತು.

ಆದರೆ ‘ಹೆಣ್ಣುಮಕ್ಕಳು ಹಾಕುವ ಸೆಂಟಲ್ಲ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತಂಬಾಕಿನ ಸೆಂಟು ಯುರೋಪಿನಲ್ಲಿ ಹೆಸರು ಮಾಡಿದ್ದೇ ಹೆಂಗಸರಿಂದ. 1919ರಲ್ಲಿ ಕ್ಯಾರನ್ ಕಂಪನಿಯ ತಬಾಕ್ ಬ್ಲಾಂಡ್ ಬಂದದ್ದು, ಆಗಷ್ಟೇ ಬಹಿರಂಗವಾಗಿ ಸಿಗರೇಟು ಹಿಡಿಯಲು ಶುರು ಮಾಡಿದ್ದ ಹೆಂಗಸರಿಗಾಗಿ. 1921ರ ಮೊಲಿನಾರ್ ಕಂಪನಿಯ ಹಬನಿಟಾ ಮೊದಲು ಸಿಗರೇಟಿಗೆ ಪರಿಮಳ ಕೊಡಲೆಂದು ಬಂದಿತ್ತು, ಆಮೇಲೆ ಹೆಂಗಸರ ಸೆಂಟಾಯಿತು. ಗಂಡಸರದ್ದು, ಹೆಂಗಸರದ್ದು ಅಂತ ಅಂಗಡಿಯಲ್ಲಿ ಬೇರೆ ಬೇರೆ ಕಪಾಟು ಮಾಡಿದ್ದು ವ್ಯಾಪಾರಕ್ಕೆ. 1994ರಲ್ಲಿ ಕ್ಯಾಲ್ವಿನ್ ಕ್ಲೈನ್ ಕಂಪನಿಯ ಸಿಕೆ ಒನ್ ಅನ್ನುವ ಸೆಂಟು ಬಂದು ಇಬ್ಬರಿಗೂ ಒಂದೇ ಬಾಟಲಿ ಅಂತ ದೊಡ್ಡದಾಗಿ ಸಾರಿತು. 2007ರಲ್ಲಿ ಟಾಮ್ ಫೋರ್ಡ್ ಅವರ ಟೊಬ್ಯಾಕೊ ವೆನಿಲ್ ಬಂದ ಮೇಲೆ ತಂಬಾಕು, ವೆನಿಲಾ, ಒಣಹಣ್ಣಿನ ಜೋಡಣೆ ಎಲ್ಲರಿಗೂ ಬೇಕಾಯಿತು. ಈಗ ದುಬೈ ಕಡೆಯ ಕಂಪನಿಗಳು ಕಡಿಮೆ ಬೆಲೆಗೆ ಮಾಡುವ ಹತ್ತಾರು ಬಾಟಲಿಗಳು ಇದೇ ದಾರಿಯವು. ನಮ್ಮಲ್ಲಂತೂ ಉತ್ತರ ಪ್ರದೇಶದ ಕನೌಜಿನ ಅತ್ತರನ್ನು ಗಂಡಸರೂ ಹಾಕುತ್ತಿದ್ದರು, ಹೆಂಗಸರೂ ಹಾಕುತ್ತಿದ್ದರು. ಶ್ರೀಗಂಧ ಯಾರದ್ದು ಅಂತ ಯಾರೂ ಕೇಳಲಿಲ್ಲ.

ಇನ್ನು ಒಂದು ಗಂಟೆಗೆ ನಿಮಗೆ ಮಾಯವಾಗುವ, ಪಕ್ಕದವರಿಗೆ ಸಂಜೆವರೆಗೂ ಉಳಿಯುವ ಸೆಂಟಿನ ಮಾತು. ಇದು ನಾನು ಅತಿ ಹೆಚ್ಚು ಕೇಳುವ ದೂರು. ಬಾಟಲಿಯಲ್ಲಿ ದೋಷವಿಲ್ಲ. ಒಂದೇ ವಾಸನೆ ಮೂಗಿನ ಹತ್ತಿರ ಬಿಡದೆ ಇದ್ದರೆ ಮೂಗು ಅದಕ್ಕೆ ಒಗ್ಗಿಕೊಂಡು ಸುದ್ದಿ ಕಳಿಸುವುದನ್ನು ನಿಲ್ಲಿಸುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಮನೆಗೆ ಹೊಸಬರು ಹೋದರೆ ಮೂಗು ಮುಚ್ಚಿಕೊಳ್ಳುತ್ತಾರೆ, ಅಲ್ಲೇ ಕೆಲಸ ಮಾಡುವವರಿಗೆ ಅದರ ಗಮನವೇ ಇರುವುದಿಲ್ಲ. ವೆನಿಲಾ, ಕಸ್ತೂರಿ ಜಾತಿಯ ವಾಸನೆಗಳು ನಿಧಾನವಾಗಿ, ಒಂದೇ ಸಮನೆ ಹೊರಡುವುದರಿಂದ ಇಲ್ಲಿ ಇದು ಇನ್ನೂ ಜಾಸ್ತಿ. ಕೆಲವರಿಗೆ ಕೆಲವು ಕಸ್ತೂರಿ ಅಣುಗಳು ಹುಟ್ಟಿನಿಂದಲೇ ಗೊತ್ತಾಗುವುದಿಲ್ಲ, ಅದು ಕಾಯಿಲೆಯಲ್ಲ. ಹೋಯಿತು ಅಂದುಕೊಂಡು ಮಧ್ಯಾಹ್ನ ಇನ್ನೊಂದು ಸಲ ಹೊಡೆದುಕೊಳ್ಳುತ್ತೀರಿ, ನಿಮಗೆ ಆಗಲೂ ಅರ್ಧ ಗಂಟೆ ಮಾತ್ರ, ಆದರೆ ನಿಮ್ಮ ಜೊತೆ ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತವರಿಗೆ ಬೆಳಗಿನದು, ಮಧ್ಯಾಹ್ನದ್ದು ಎರಡೂ ಸೇರಿ ತಲೆಗೆ ಏರುತ್ತದೆ. ಪರೀಕ್ಷೆ ಮಾಡಬೇಕಾದರೆ ಮಣಿಕಟ್ಟನ್ನು ಮತ್ತೆ ಮತ್ತೆ ಮೂಸಬೇಡಿ. ಹೊರಗೆ ಗಾಳಿಯಲ್ಲಿ ಒಂದು ಕಾಲು ಗಂಟೆ ಓಡಾಡಿ ಬನ್ನಿ. ಇಲ್ಲ, ಇವತ್ತು ಉಟ್ಟ ಬಟ್ಟೆಯನ್ನು ನಾಳೆ ಬೆಳಗ್ಗೆ ಎದ್ದ ಕೂಡಲೇ ಮೂಸಿ ನೋಡಿ. ಅಲ್ಲೇ ಇರುತ್ತದೆ.

ಹಣ್ಣು ಮೊದಲು ಹೋಗಿ ಕೇಕು ಆಮೇಲೆ ಬರುವುದಕ್ಕೂ ಕಾರಣವಿದೆ. ಹಣ್ಣಿನ ತಾಜಾತನ ಕೊಡುವ ಅಣುಗಳು ಹಗುರ, ಕಾಲು ಗಂಟೆ ಅರ್ಧ ಗಂಟೆಯಲ್ಲಿ ಹಾರಿಹೋಗುತ್ತವೆ. ಮಸಾಲೆ, ಜೇನು, ಒಣಹಣ್ಣು ಮಧ್ಯದಲ್ಲಿ. ವೆನಿಲಿನ್, ಕುಮರಿನ್ ಭಾರ, ಬಟ್ಟೆಯ ಮೇಲೆ ದಿನವಿಡೀ ಕೂರುತ್ತವೆ. ಮಣಿಕಟ್ಟು ಉಜ್ಜಿದರೆ ಅಣುಗಳು ಒಡೆಯುತ್ತವೆ ಅಂತ ಹೇಳುತ್ತಾರೆ, ಒಡೆಯುವುದಿಲ್ಲ. ಉಜ್ಜಿದ ಬಿಸಿಗೆ ಹಣ್ಣಿನ ಭಾಗ ಸ್ವಲ್ಪ ಬೇಗ ಹಾರುತ್ತದೆ, ಅಷ್ಟೇ.

ಇಲ್ಲಿಂದ ನಿಮ್ಮ ಇನ್ನೊಂದು ಪ್ರಶ್ನೆಗೆ ಉತ್ತರ ತಾನಾಗಿ ಬರುತ್ತದೆ. ನೆಟ್‌ನಲ್ಲಿ ಹನ್ನೆರಡು ಗಂಟೆ ಅಂದವರೂ ಸುಳ್ಳು ಹೇಳಿಲ್ಲ, ಎರಡು ಗಂಟೆ ಅಂದವರೂ ಸುಳ್ಳು ಹೇಳಿಲ್ಲ. ಒಬ್ಬರು ಕೋಟಿನ ಮೇಲೆ ಹೊಡೆದು ಹೆಂಡತಿಯನ್ನು ಕೇಳಿ ಬರೆದಿರಬಹುದು, ಇನ್ನೊಬ್ಬರು ಒಣ ಚರ್ಮದ ಮೇಲೆ ಹಾಕಿ ತಮ್ಮದೇ ಮೂಗನ್ನು ನಂಬಿ ಬರೆದಿರಬಹುದು. ಹಾಕಿದವರ ಅನುಭವ ಓದಬೇಡಿ ಅನ್ನುವುದಿಲ್ಲ, ನಾನೂ ಓದುತ್ತೇನೆ, ತುಂಬಾ ಕಲಿಯುವುದಿದೆ. ಆದರೆ ನಕ್ಷತ್ರ ಎಷ್ಟು ಕೊಟ್ಟರು ಅಂತ ನೋಡುವುದಿಲ್ಲ. ಯಾವ ಊರು, ಯಾವ ಕಾಲ, ಎಷ್ಟು ಸಲ ಹೊಡೆದರು, ಚರ್ಮಕ್ಕಾ ಬಟ್ಟೆಗಾ, ಹಾಕಿದ ಎಷ್ಟು ಹೊತ್ತಿಗೆ ಬರೆದರು, ಇದನ್ನು ಹುಡುಕುತ್ತೇನೆ. ಹಿಮ ಬೀಳುವ ಊರಿನವರು ‘ಬೆಚ್ಚಗೆ ತಬ್ಬಿಕೊಂಡ ಹಾಗಿದೆ’ ಅಂತ ಬರೆದ ಸೆಂಟನ್ನು ಏಪ್ರಿಲ್ ಮಧ್ಯಾಹ್ನ ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಹಾಕಿಕೊಂಡು ನಿಂತರೆ ಉಸಿರು ಕಟ್ಟುತ್ತದೆ. ಬಿಸಿಗೆ ಎಲ್ಲಾ ಅಣುಗಳೂ ಒಟ್ಟಿಗೆ ಏಳುತ್ತವೆ, ಬೆವರು ಸೇರುತ್ತದೆ, ಸಿಹಿ ವಾಸನೆ ಹುಳಿ ಬಂದ ಹಾಗೆ ಅನ್ನಿಸಲು ಶುರುವಾಗುತ್ತದೆ. ನವೆಂಬರಿನಿಂದ ಫೆಬ್ರವರಿ ನಮ್ಮ ಕಡೆ ಇದಕ್ಕೆ ಒಳ್ಳೆಯ ಕಾಲ. ಮಳೆಗಾಲದ ಸಂಜೆಯೂ ಆದೀತು. ನಂದಿ ಬೆಟ್ಟದ ಮಂಜಿನಲ್ಲಿ ಈ ಸೆಂಟಿನ ಜೇನು, ಒಣದ್ರಾಕ್ಷಿ ತೆರೆದುಕೊಳ್ಳುವ ರೀತಿಯೇ ಬೇರೆ.

ನಿಮ್ಮ ಯಜಮಾನರ ತಲೆನೋವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಗರೇಟು ಸೇದುವಾಗ ಮೂಗು ಮಂಕಾಗಿರುತ್ತದೆ. ಬಿಟ್ಟ ಮೇಲೆ ನಿಧಾನವಾಗಿ ಚುರುಕಾಗುತ್ತದೆ. ಮೊದಲು ಇಷ್ಟವಾಗಿದ್ದು ಈಗ ಜಾಸ್ತಿ ಅನ್ನಿಸುವುದಕ್ಕೆ ಇದೂ ಒಂದು ಕಾರಣ ಇರಬಹುದು. ಜೊತೆಗೆ ಕಾರಿನ ಮುಚ್ಚಿದ ಗಾಳಿ. ಮೈಗ್ರೇನ್ ಇರುವವರಿಗೆ ಗಾಢ ವಾಸನೆ ತಲೆನೋವು ತರಿಸುವುದು ಎಲ್ಲರಿಗೂ ಗೊತ್ತಿರುವ ವಿಷಯ, ಅವರಿಗೆ ಮೊದಲೇ ಆ ತೊಂದರೆ ಇದೆಯಾ ಅಂತ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ. ಚಟದ ವಿಷಯಕ್ಕೆ ಬಂದರೆ, ಸೆಂಟಿನಲ್ಲಿ ಚಟ ಹಿಡಿಸುವ ವಸ್ತು ಇಲ್ಲ ಅಂತ ಮೇಲೆ ಹೇಳಿದೆ. ಆದರೆ ವಾಸನೆಗೆ ನೆನಪನ್ನು ಎಳೆದು ತರುವ ಶಕ್ತಿ ಇದೆ ಅಂತಲೂ ಹೇಳಿದೆ. ಸಿಗರೇಟು ಬಿಟ್ಟವರಿಗೆ ಪಕ್ಕದಲ್ಲಿ ಯಾರೋ ಹಚ್ಚಿದ ಹೊಗೆ ಬಂದರೆ ಆಸೆ ಹುಟ್ಟುತ್ತದೆ. ಸಿಹಿ ಎಲೆಯ ವಾಸನೆ ಆ ಹೊಗೆಯ ವಾಸನೆಯಲ್ಲ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಅವರಿಗೆ ಆಗುತ್ತದಾ ಇಲ್ಲವಾ ಅನ್ನುವುದು ಅವರಿಗೆ ಮಾತ್ರ ಗೊತ್ತು, ಹಾಗಾಗಿ ಸುಮ್ನೆ ನೇರವಾಗಿ ಕೇಳಿ, ‘ಇದನ್ನು ಹಾಕಿಕೊಂಡಾಗ ಸಿಗರೇಟು ನೆನಪಾಗುತ್ತದಾ’ ಅಂತ. ಹೌದು ಅಂದರೆ ಬಾಟಲಿ ಮನೆಯಿಂದ ಹೊರಗೆ ಹೋಗಲಿ, ಅದರಲ್ಲಿ ಎರಡನೇ ಯೋಚನೆ ಬೇಡ. ಎಂಟು ತಿಂಗಳು ಬಿಟ್ಟಿರುವುದು ಯಾವ ಸೆಂಟಿಗಿಂತಲೂ ದೊಡ್ಡದು. ಆಸೆ ತಡೆಯಲು ಕಷ್ಟವಾದರೆ ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ 1800-11-2356 ಇದೆ, ದುಡ್ಡು ಕೊಡಬೇಕಿಲ್ಲ.

ರೇಷ್ಮೆ ಸೀರೆಯ ಕಲೆಯ ವಿಷಯ ಓದಿ ನನಗೆ ಬೇಜಾರಾಯಿತು. ವೆನಿಲಿನ್ ಗಾಳಿಗೆ, ಬೆಳಕಿಗೆ ಕಂದು ಬಣ್ಣಕ್ಕೆ ತಿರುಗುವ ವಸ್ತು. ಬಾಟಲಿಯೊಳಗಿನ ದ್ರವವೇ ಕೆಲವು ತಿಂಗಳಲ್ಲಿ ಹೊಂಬಣ್ಣದಿಂದ ಚಹಾ ಬಣ್ಣಕ್ಕೆ ಬರುತ್ತದೆ. ಕೆಟ್ಟುಹೋಯಿತು ಅಂತ ಚೆಲ್ಲಬೇಡಿ, ಅದು ಸಹಜ. ಆದರೆ ತಿಳಿ ಬಣ್ಣದ ರೇಷ್ಮೆ, ಬಿಳಿ ಹತ್ತಿ ಬಟ್ಟೆಯ ಮೇಲೆ ನೇರವಾಗಿ ಹೊಡೆದರೆ ಕಲೆ ನಿಲ್ಲುತ್ತದೆ. ಮದ್ಯಸಾರ ಬಣ್ಣವನ್ನೂ ಕದಡಬಹುದು. ಮನೆಯಲ್ಲಿ ನಿಂಬೆಹಣ್ಣು, ಸೋಪು ಅಂತ ಪ್ರಯೋಗ ಮಾಡಬೇಡಿ, ಜರಿ ಸೀರೆಯಾದರೆ ಇನ್ನೂ ಅಪಾಯ. ಡ್ರೈಕ್ಲೀನ್ ಮಾಡುವವರಿಗೆ ಸೆಂಟಿನ ಕಲೆ ಅಂತ ಹೇಳಿಯೇ ಕೊಡಿ. ಹಳೆಯದಾಗಿದ್ದರೆ ಪೂರ್ತಿ ಹೋಗುತ್ತದೆ ಅಂತ ಭರವಸೆ ಕೊಡಲಾರೆ. ಮುಂದೆ ಸೆಂಟು ಮೊದಲು, ಅದು ಆರಿದ ಮೇಲೆ ಸೀರೆ, ಕೊನೆಗೆ ಮುತ್ತು, ಒಡವೆ. ದೀಪ ಹಚ್ಚಿರುವ ಜಾಗದಲ್ಲಿ, ಗ್ಯಾಸ್ ಒಲೆಯ ಹತ್ತಿರ ಹೊಡೆದುಕೊಳ್ಳಲೇಬೇಡಿ. ಬಾಟಲಿಯಲ್ಲಿ ಇರುವುದು ಮುಕ್ಕಾಲು ಪಾಲು ಮದ್ಯಸಾರ, ಭಗ್ ಅಂತ ಹತ್ತಿಕೊಳ್ಳುತ್ತದೆ.

ಚರ್ಮದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಈ ಗುಂಪಿನ ಸೆಂಟುಗಳಲ್ಲಿ ಕುಮರಿನ್, ದಾಲ್ಚಿನ್ನಿಯ ಸಿನಮಾಲ್, ಲವಂಗದ ಯೂಜಿನಾಲ್ ಸಾಮಾನ್ಯ. ಇವು ಕೆಲವರಿಗೆ ಅಲರ್ಜಿ ಮಾಡುತ್ತವೆ ಅಂತಲೇ ಯುರೋಪಿನಲ್ಲಿ ಡಬ್ಬಿಯ ಮೇಲೆ ಹೆಸರು ಬರೆಯಬೇಕೆಂಬ ನಿಯಮ ಇದೆ. ಕುತ್ತಿಗೆ ಕೆಂಪಾಗಿ ತುರಿಸಿದರೆ ಅದು ‘ಹೀಟ್’ ಅಲ್ಲ, ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ.

ಹಾಗಾದರೆ ಬಾಟಲಿಯನ್ನು ಏನು ಮಾಡುವುದು? ಯಜಮಾನರಿಗೆ ಸಿಗರೇಟು ನೆನಪಾಗುತ್ತಿಲ್ಲ ಅಂದರೆ ನಾನಾಗಿದ್ದರೆ ಇಟ್ಟುಕೊಳ್ಳುತ್ತೇನೆ, ಹಾಕುವ ರೀತಿ ಬದಲಾಯಿಸುತ್ತೇನೆ. ಒಂದೇ ಸಲ, ಹೆಚ್ಚೆಂದರೆ ಎರಡು ಸಲ. ಕುತ್ತಿಗೆಗೆ, ಕಿವಿಯ ಹಿಂದೆ ಬೇಡ, ಅಲ್ಲಿ ಹಾಕಿದರೆ ನಿಮ್ಮ ಮೂಗೇ ಮೊದಲು ಸೋಲುತ್ತದೆ. ಸೊಂಟದ ಹತ್ತಿರ, ಲಂಗದ ಒಳ ಅಂಚಿಗೆ, ಇಲ್ಲ ಮೊಣಕಾಲ ಹಿಂದೆ ಹಾಕಿ. ನಡೆದಾಡುವಾಗ ಮಾತ್ರ ಮೆಲ್ಲಗೆ ಏಳುತ್ತದೆ, ನಿಮಗೂ ಆಗಾಗ ಸಿಗುತ್ತದೆ. ಚರ್ಮ ಒಣಗಿದ್ದರೆ ವಾಸನೆ ಇಲ್ಲದ ಕ್ರೀಮು ಸವರಿ ಆಮೇಲೆ ಹಾಕಿ, ನಿಲ್ಲುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಹಾಕಿದರೆ ಮದ್ಯಸಾರದ ಘಾಟು ಮನೆಯಲ್ಲೇ ಕಳೆಯುತ್ತದೆ. ಕಾರಿನಲ್ಲಿ ಇಬ್ಬರೇ ಹೋಗುವ ದಿನ ಬಿಟ್ಟುಬಿಡಿ.

ಮಲ್ಲಿಗೆ ಮುಡಿದ ದಿನವೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮಲ್ಲಿಗೆಯಲ್ಲಿ ಇಂಡೋಲ್ ಅನ್ನುವ ಒಂದು ಅಣು ಇದೆ, ಹೂವಿನಲ್ಲಿ ಚೆಂದ. ಆದರೆ ಹೂ ಬಾಡುತ್ತಾ ಬಂದ ಹಾಗೆ ಅದೂ, ಸಿಹಿ ತಂಬಾಕೂ ಸೇರಿ ಕಮಟು ವಾಸನೆಯ ಕಡೆ ತಿರುಗುತ್ತವೆ. ಕನಕಾಂಬರಕ್ಕೆ ವಾಸನೆಯೇ ಇಲ್ಲ, ಅದು ಪರವಾಗಿಲ್ಲ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಮಾತ್ರ ಈ ಸೆಂಟಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಕೊಬ್ಬರಿಯ ಘಮ ಕೊಡುವ ಲ್ಯಾಕ್ಟೋನ್‌ಗಳ ಜಾತಿಯವೇ ಪೀಚ್, ಪ್ಲಮ್ ಹಣ್ಣುಗಳಲ್ಲೂ ಇವೆ. ನಮ್ಮ ತಿಪಟೂರು ಕೊಬ್ಬರಿಯ ಎಣ್ಣೆ ಹಚ್ಚಿದ ಜಡೆಯ ಹತ್ತಿರ ವೆನಿಲಾ ತಂಬಾಕು ಸುಳಿದರೆ ಎಷ್ಟು ಹಿತವಾಗಿರುತ್ತದೆ ಅಂದರೆ, ಎಣ್ಣೆ ಜಿಡ್ಡು ಅಂತ ಮುಜುಗರ ಪಡುವ ಹುಡುಗಿಯರಿಗೆಲ್ಲ ಇದನ್ನು ಹೇಳಬೇಕು ಅನ್ನಿಸುತ್ತದೆ.

ಸಿಹಿ ಜಾಸ್ತಿ ಅನ್ನಿಸಿದರೆ ಲಾವಂಚದ ಅತ್ತರಿನ ಒಂದು ಚುಕ್ಕೆ ಕೆಳಗೆ ಹಾಕಿ ಅದರ ಮೇಲೆ ಇದನ್ನು ಹಾಕುವವರಿದ್ದಾರೆ. ಲಾವಂಚದ ಒಣ ಮಣ್ಣಿನ ವಾಸನೆ ಕೇಕನ್ನು ಹಿಂದಕ್ಕೆ ತಳ್ಳಿ ಎಲೆಯನ್ನು ಮುಂದೆ ತರುತ್ತದೆ. ಕಷ್ಟವೇನೆಂದರೆ, ಎಲೆ ಮುಂದೆ ಬಂದರೆ ನಿಮ್ಮ ಅತ್ತೆಗೆ ಕಡ್ಡಿಪುಡಿಯೂ ಮುಂದೆ ಬರುತ್ತದೆ. ಎರಡರ ಪ್ರಮಾಣ ತಪ್ಪಿದರೆ ಏನೆಂದೇ ಗೊತ್ತಾಗದ ಕಲಸುಮೇಲೋಗರ ಆಗುತ್ತದೆ. ರಜೆಯ ದಿನ ಮನೆಯಲ್ಲಿ ಪ್ರಯತ್ನಿಸಿ, ಸಂಘಕ್ಕೆ ಹೋಗುವ ದಿನ ಬೇಡ.

ಬೇಸಿಗೆಗೆ ಎತ್ತಿಟ್ಟು ಮುಂದಿನ ಚಳಿಗಾಲಕ್ಕೆ ತೆಗೆಯುವುದೂ ಒಳ್ಳೆಯ ದಾರಿ. ಡಬ್ಬಿಯೊಳಗೇ ಇಟ್ಟು ಬೀರುವಿನ ಕೆಳಗಿನ ಅರೆಯಲ್ಲಿಡಿ. ಬಚ್ಚಲುಮನೆಯ ಕಪಾಟು, ಕಿಟಕಿಯ ಹಲಗೆ, ಕಾರಿನ ಡ್ಯಾಶ್‌ಬೋರ್ಡು ಬೇಡ. ಬಿಸಿಲಿಗೆ ಮೊದಲು ಸಾಯುವುದು ನಿಮಗೆ ಇಷ್ಟವಾದ ಆ ಹಣ್ಣೇ.

ಯಾರಿಗಾದರೂ ಕೊಡುವುದಾದರೆ ಮೊದಲು ತಮ್ಮನಿಗೆ ಹೇಳಿ, ಪ್ರೀತಿಯಿಂದ ತಂದದ್ದು. ಅವನಿಂದಲೇ ಇನ್ನೊಂದು ವಿಷಯ ತಿಳಿದುಕೊಳ್ಳಿ, ಎಲ್ಲಿ ಕೊಂಡ ಅಂತ. ಬೆಂಗಳೂರಿನ ಬೀದಿಗಳಲ್ಲಿ ಫಸ್ಟ್ ಕಾಪಿ ಅಂತ ಮಾರುವ ಬಾಟಲಿಗಳಿಗೆ ಡಬ್ಬಿ, ಅಂಟಿಸಿದ ಚೀಟಿ ಎಲ್ಲವೂ ಅಸಲಿಯ ಹಾಗೇ ಇರುತ್ತವೆ, ಒಳಗೆ ಏನಿದೆ ಅಂತ ಹೇಳುವವರು ಯಾರೂ ಇಲ್ಲ. ಡಬ್ಬಿಯ ಮೇಲೆ ತಯಾರಿಸಿದವರ ಹೆಸರು ವಿಳಾಸ, ಬ್ಯಾಚ್ ನಂಬರ್, ಎಲ್ಲಿವರೆಗೆ ಬಳಸಬಹುದು ಅನ್ನುವ ದಿನಾಂಕ ಇರಬೇಕು. ಇಲ್ಲೇ ತಯಾರಾಗಿದ್ದರೆ ಪರವಾನಗಿ ಸಂಖ್ಯೆ, ಹೊರದೇಶದ್ದಾದರೆ ಆಮದು ಮಾಡಿದವರ ವಿಳಾಸ ಮತ್ತು ನೋಂದಣಿ ಸಂಖ್ಯೆ ಇರಬೇಕು. ಡಬ್ಬಿಯ ಬ್ಯಾಚ್ ನಂಬರೂ ಬಾಟಲಿಯ ಅಡಿಯಲ್ಲಿರುವುದೂ ಒಂದೇ ಆಗಿದೆಯಾ ನೋಡಿ. ಆಗಿದ್ದರೆ ಧೈರ್ಯವಾಗಿ ಹಾಕಿಕೊಳ್ಳಿ, ಇಲ್ಲವೇ ಇಷ್ಟಪಡುವವರಿಗೆ ಕೊಡಿ. ಆಗದಿದ್ದರೆ ನೀವೂ ಹಾಕಬೇಡಿ, ಇನ್ನೊಬ್ಬರಿಗೂ ಕೊಡಬೇಡಿ, ಬಿಲ್ಲು ಇದ್ದರೆ ಕೊಂಡ ಕಡೆಯೇ ವಾಪಸ್ ಮಾಡಿಸಿ.